ಸ್ವಾಗತಕ್ಕೆ ಬಂದ ಕಕ್ಷಿದಾರರು

ಅಮೆರಿಕ ಇನ್ನೂ ಹೊಸ ದೇಶವಾಗಿದ್ದ ಕಾಲ. ವಕೀಲ ಅಮೋಸ್ ಪೆಲ್ ಕೋರ್ಟಿನಲ್ಲಿ ಇಪ್ಪತ್ತು ವರ್ಷ ವಾಯಿದೆ ಕೇಳಿದ್ದೇ ಬಂತು, ಒಂದು ಕೇಸೂ ಮುಗಿಸಲಿಲ್ಲ. ಆದರೂ ಶಾಸಕನಾದ.

"ನಾಳೆ ಬರುತ್ತೇನೆ. ಸ್ವಾಗತಕ್ಕೆ ಊರೆಲ್ಲ ಸೇರಬೇಕು. ಇಲ್ಲದಿದ್ದರೆ ನಿನ್ನ ಕೆಲಸ ಹೋಯಿತು" ಎಂದು ಗುಮಾಸ್ತನಿಗೆ ಹೇಳಿಕಳಿಸಿದ.

ಇವನಿಗಾಗಿ ಯಾರು ಬಂದಾರು? ಗುಮಾಸ್ತ ಹಳೆಯ ಕಕ್ಷಿದಾರರ ಮನೆಮನೆಗೂ ಹೋಗಿ ಒಂದೇ ಮಾತು ಹೇಳಿ ಬಂದ.

ಮರುದಿನ ಕಾಲಿಡಲು ಜಾಗವಿಲ್ಲ. ಗಾಡಿಯಿಂದಿಳಿದ ಪೆಲ್ ಹಿಗ್ಗಿಹೋದ. "ಏನು ಹೇಳಿ ಕರೆಸಿದೆಯೋ?"

"'ನಿಮ್ಮ ಕೇಸು ಇವತ್ತು ಮುಗಿಯುತ್ತೆ' ಅಂದೆ, ಸ್ವಾಮಿ."

ಪೆಲ್ ಮುಖ ಬಿಳಿಚಿತು. ಎಲ್ಲರ ಕಂಕುಳಲ್ಲೂ ಕಾಗದದ ಕಟ್ಟು. ಇವತ್ತು ಸಿಕ್ಕಿಬಿದ್ದ ಎಂದುಕೊಂಡ ಗುಮಾಸ್ತ.

ಪೆಲ್ ಗಂಟಲು ಸರಿಮಾಡಿಕೊಂಡ. "ಮುಂದಿನ ತಿಂಗಳು ಬನ್ನಿ."

ಯಾರೂ ಕೂಗಾಡಲಿಲ್ಲ. ಮುಂದೆ ನಿಂತಿದ್ದ ಮುದುಕಿಯೊಬ್ಬಳು ಕೈಮುಗಿದು ಕೇಳಿದಳು: "ಎಷ್ಟನೇ ತಾರೀಖು, ಸ್ವಾಮಿ?"