ಕೆರೆಯ ಏರಿಯ ಮೇಲಿನ ಕಲ್ಲು

“ಗುರುಗಳೇ, ಪ್ರಜೆ ಯಾವ ರಾಜ್ಯಕ್ಕೆ ಹೋದರೂ ಅವನ ಹಕ್ಕು ಅವನ ಜೊತೆಗೇ ಹೋಗುತ್ತದೆ ಎಂದು ಸಂವಿಧಾನದಲ್ಲಿ ಬರೆದಿದೆ. ಬರೆದ ಮಾತು ಯಾರನ್ನು ಕಾಪಾಡುತ್ತದೆ?”

ಕೇಳಿದವನು ಶಿಷ್ಯ ಬಸವಂತ. ಮಠದ ಛತ್ರದ ಬೀಗದ ಕೈ ಅವನ ಸೊಂಟದಲ್ಲಿತ್ತು. ಅಂದು ಬೆಳಿಗ್ಗೆ ಬೇರೆ ರಾಜ್ಯದಿಂದ ಕಬ್ಬು ಕಡಿಯಲು ಬಂದವರು ಹೆಂಡತಿ ಮಕ್ಕಳೊಂದಿಗೆ ಛತ್ರದ ಮುಂದೆ ಕೂತಿದ್ದರು. ‘ಅವರು ನಮ್ಮವರಲ್ಲ, ಬಾಗಿಲು ತೆಗೆಯಬೇಡ’ ಎಂದು ಊರಿನ ಹಿರಿಯರು ಹೇಳಿ ಹೋಗಿದ್ದರು. ಬಸವಂತ ಬಾಗಿಲು ತೆಗೆಯಲೂ ಇಲ್ಲ, ತೆಗೆಯುವುದಿಲ್ಲ ಎನ್ನಲೂ ಇಲ್ಲ. ಪ್ರಶ್ನೆ ಹೊತ್ತುಕೊಂಡು ಗುರುಗಳ ಬಳಿ ಬಂದ.

ಗುರುಗಳು ಕತೆ ಹೇಳಿದರು.

ಒಬ್ಬ ಚಕ್ರವರ್ತಿಯ ಕೊಡೆಯ ಕೆಳಗೆ ಹಲವು ಸೀಮೆಗಳಿದ್ದವು. ಒಂದೊಂದು ಸೀಮೆಗೆ ಒಂದೊಂದು ಮಾತು, ಒಂದೊಂದು ಹಬ್ಬ, ಒಂದೊಂದು ತೆರಿಗೆ. ಅದಕ್ಕೆ ಚಕ್ರವರ್ತಿ ಕೈ ಹಾಕಲಿಲ್ಲ. ಆದರೆ ಸೀಮೆಗಳೆಲ್ಲ ಒಂದಾದ ದಿನ ಎಲ್ಲರೂ ಕೂಡಿ ಒಂದು ಮಾತು ಕೊಟ್ಟುಕೊಂಡಿದ್ದರು. ಆ ಮಾತನ್ನು ಊರೂರಿನಲ್ಲಿ ಕಲ್ಲಿಗೆ ಕೆತ್ತಿಸಿದರು. ಮೇಲೆ ಸೂರ್ಯ, ಚಂದ್ರ. ಕೆಳಗೆ ಹೀಗೆ: ‘ಯಾವ ಸೀಮೆಯವರೂ ಯಾವ ಸೀಮೆಗೂ ಹೋಗಬಹುದು, ಇರಬಹುದು, ದುಡಿದು ಉಣ್ಣಬಹುದು. ತಡೆದವರು ಕೊಟ್ಟ ಮಾತಿಗೆ ತಪ್ಪಿದವರು.’

ಗುಡ್ಡದ ಬುಡದ ಒಂದು ಊರಿನಲ್ಲಿ ಆ ಕಲ್ಲು ಕೆರೆಯ ಏರಿಯ ಮೇಲಿತ್ತು. ಗುಡ್ಡದಾಚೆಗೆ ಬೇರೆ ಸೀಮೆ. ಹೆಂಗಸರು ಕೊಡ ಇಳಿಸಿ ಕಲ್ಲಿಗೆ ಒರಗಿ ದಣಿವಾರಿಸಿಕೊಳ್ಳುತ್ತಿದ್ದರು. ಅದರಲ್ಲಿ ಏನು ಬರೆದಿದೆ ಎಂಬುದು ಮಕ್ಕಳಿಗೂ ಬಾಯಿಪಾಠ.

ಗುಡ್ಡದಾಚೆಯಿಂದ ಒಬ್ಬ ಕುಂಬಾರ ಹೆಂಡತಿಯನ್ನೂ ಆಗಷ್ಟೇ ಹೆಜ್ಜೆ ಇಡುತ್ತಿದ್ದ ಮಗುವನ್ನೂ ಕರೆದುಕೊಂಡು ಆ ಊರಿಗೆ ಬಂದ. ಅಲ್ಲಿ ಮಣ್ಣು ತೀರಿತ್ತು, ಇಲ್ಲಿ ಮಣ್ಣಿತ್ತು. ತಿಗರಿ ಹೂಡಿದ. ಕುಂಬಾರ ಮಾತಿನವನಲ್ಲ. ಅವನ ಪಾಲಿನ ಮಾತನ್ನೂ ಹೆಂಡತಿಯೇ ಆಡುತ್ತಿದ್ದಳು, ಮಿಕ್ಕದ್ದನ್ನು ಊರಿಗೆ ಹಂಚುತ್ತಿದ್ದಳು. ಆದರೆ ಅವರ ಕೊಡ ಸೋರುತ್ತಿರಲಿಲ್ಲ. ಜನ ಅವರ ಬಳಿಗೇ ಹೋದರು. ಊರ ಕುಂಬಾರ ಗೌಡನ ಜಗುಲಿಗೆ ಬಂದು ಅತ್ತ: “ಹೊರಗಿನವರು ಬಂದು ನನ್ನ ಅನ್ನಕ್ಕೆ ಮಣ್ಣು ಹಾಕಿದರು.”

ಗೌಡ ಜಾಣ. ಬೇರೆಯವರು ಚಾಪೆಯ ಕೆಳಗೆ ತೂರಿದರೆ ಅವನು ರಂಗೋಲಿಯ ಕೆಳಗೆ ತೂರುವವನು. ಕುಂಬಾರನನ್ನು ಓಡಿಸಿದರೆ ಕಲ್ಲಿನ ಮಾತಿಗೆ ತಪ್ಪಿದಂತೆ. ಹೆಸರು ಹಿಡಿದು ಕಟ್ಟುಪಾಡು ಮಾಡಿದರೂ ಚಕ್ರವರ್ತಿಯ ಕಡೆಯವರು ಬಂದು ಕೇಳಿಯಾರು. ಆದ್ದರಿಂದ ಯಾರ ಹೆಸರೂ ಇಲ್ಲದ ಒಂದು ಡಂಗುರ ಸಾರಿಸಿದ: ‘ಈ ಸೀಮೆಯಲ್ಲಿ ಹುಟ್ಟದವರು ಕೆರೆಗೆ ಇಳಿಯಕೂಡದು.’

“ಇರಬೇಡಿ ಎಂದೆನೇ? ದುಡಿಯಬೇಡಿ ಎಂದೆನೇ? ಕಲ್ಲಿನಲ್ಲಿ ನೀರಿನ ಮಾತೇ ಇಲ್ಲ” ಎಂದು ಮೀಸೆಯೊಳಗೇ ನಕ್ಕ. ನೀರಿಲ್ಲದೆ ಕುಂಬಾರನ ಮಣ್ಣು ಹದಕ್ಕೆ ಬಾರದು ಎಂಬುದು ಅವನಿಗೆ ಗೊತ್ತಿತ್ತು. ಮಣ್ಣು ಹದಕ್ಕೆ ಬರದಿದ್ದರೆ ಅವರೇ ಗಂಟುಮೂಟೆ ಕಟ್ಟುತ್ತಾರೆ.

ಮರುದಿನ ಬೆಳಿಗ್ಗೆ ಗೌಡನ ಹೆಂಡತಿ ಕೊಡ ಹಿಡಿದು ಕೆರೆಗೆ ಹೋದಳು. ಮೆಟ್ಟಿಲ ಬಳಿ ಕಾವಲಿನ ತಳವಾರ ಕೋಲು ಊರಿ ನಿಂತಿದ್ದ. ಅವನ ಎದುರಿಗೆ ಕುಂಬಾರನ ಹೆಂಡತಿ.

“ಎಲ್ಲಿ ಹುಟ್ಟಿದ್ದು?”

“ನಮ್ಮವ್ವನ ಹೊಟ್ಟೆಯಲ್ಲಿ. ನೀನು?”

“ಯಾವ ಸೀಮೆ ಎಂದು ಕೇಳಿದೆ.”

“ಗುಡ್ಡದಾಚೆ.”

“ಹಾಗಾದರೆ ಇಳಿಯಬೇಡ.”

“ನೀರಿಲ್ಲದೆ ಇರುವುದಕ್ಕೆ ನಾನೇನು ಈ ಕಲ್ಲೇ?” ಎಂದು ಅವಳು ಏರಿಯ ಮೇಲೆ ನಿಂತೇ ಬಿಟ್ಟಳು.

ಗೌಡತಿಯನ್ನು ಕಂಡು ತಳವಾರ ಕೈಮುಗಿದು ಪಕ್ಕಕ್ಕೆ ಸರಿದ. ಗೌಡತಿ ಇಳಿದಳು, ತುಂಬಿಕೊಂಡಳು, ಹತ್ತಿ ಬಂದಳು. ಹಿಂದೆ ಬಂದ ಹೆಂಗಸರೂ ಹಾಗೆಯೇ. ಡಂಗುರ ಯಾರಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ತಲೆ ತಗ್ಗಿಸಿ ಕಲ್ಲಿನ ಪಕ್ಕದಲ್ಲೇ ಹಾದುಹೋದರು.

ಕುಂಬಾರನ ಹೆಂಡತಿಯ ಕಂಕುಳಲ್ಲಿ ಮಗು ಬಾಯಾರಿ ತುಟಿ ಚಪ್ಪರಿಸುತ್ತಿತ್ತು. ಗೌಡತಿಗೆ ನೋಡಲಾಗಲಿಲ್ಲ. ಕೊಡ ಬಾಗಿಸಿ ಬೊಗಸೆಯಿಂದ ನೀರು ಕುಡಿಸಿದಳು. “ಕುಡಿ, ನನ್ನ ಬಂಗಾರಾ” ಎಂದಳು.

ಕುಂಬಾರನ ಹೆಂಡತಿ ಅವಳ ಮುಖ ನೋಡಿದಳು. “ಅಕ್ಕಾ, ಈ ರಾಗ ನಮ್ಮ ಕಡೆಯದು. ನೀನೂ ಗುಡ್ಡದಾಚೆಯ ಮಗಳೇ. ನಿನ್ನನ್ನು ಅವನು ಕೇಳಲಿಲ್ಲ?”

ಗೌಡತಿ ತಲೆಯ ಮೇಲಿನ ಸಿಂಬಿ ಸರಿಮಾಡಿಕೊಂಡಳು.

“ನೀರು ಕೊಟ್ಟೆ, ನಿನ್ನ ಹೊಟ್ಟೆ ತಣ್ಣಗಿರಲಿ. ನಾಳೆ ನಿನ್ನ ಮನಸ್ಸು ಬೇರೆಯಾದರೆ ನನ್ನ ಮಗು ಯಾರ ಮುಖ ನೋಡಬೇಕು?”

ಆ ಮಾತು ಗೌಡತಿಯ ಹಿಂದೆಯೇ ಮನೆಗೆ ಬಂತು. ಒಲೆಯ ಮುಂದೆ ಕೂತಿತು. ಮುದ್ದೆ ತಿರುವುವಾಗಲೂ ಏಳಲಿಲ್ಲ. ಗುಡ್ಡ ಇಳಿದು ಈ ಮನೆಯ ಹೊಸಿಲು ತುಳಿದ ದಿನ ಅವಳಿಗೆ ನೆನಪಾಯಿತು. ಅಂದು ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳದೆ ಬಿಟ್ಟದ್ದು ಕಲ್ಲಿನ ಮಾತಿಗೋ, ಗೌಡನ ಮೀಸೆಗೋ? ಮೀಸೆಗೆ ಎಂದಾದರೆ, ಮೀಸೆ ಮುನಿದ ದಿನ ತಾನೂ ಏರಿಯ ಮೇಲೆಯೇ.

ಮರುದಿನ ತಳವಾರ ಎಂದಿನಂತೆ ಕೈಮುಗಿದು ಸರಿದ. ಗೌಡತಿ ಇಳಿಯಲಿಲ್ಲ.

“ನನ್ನನ್ನೂ ಕೇಳು” ಎಂದಳು.

“ಏನು ಕೇಳಲಿ ಅವ್ವಾ?”

“ನಿನ್ನೆ ಅವಳನ್ನು ಕೇಳಿದ್ದನ್ನೇ.”

“ನಿಮ್ಮನ್ನು ಕೇಳಿದರೆ ನನ್ನ ತಲೆ ಉಳಿದೀತೇ?”

“ಕೇಳದಿದ್ದರೂ ಹೇಳುತ್ತೇನೆ. ಗುಡ್ಡದಾಚೆ ಹುಟ್ಟಿದವಳು. ಇಳಿಯುವಂತಿಲ್ಲ.”

ಖಾಲಿ ಕೊಡವನ್ನು ಕಲ್ಲಿನ ಬುಡದಲ್ಲಿಟ್ಟು ಕುಂಬಾರನ ಹೆಂಡತಿಯ ಪಕ್ಕದಲ್ಲಿ ಕೂತಳು.

ಹಿಂದೆ ಬಂದವಳು ನೋಡಿದಳು. ಅವಳೂ ಗುಡ್ಡದಾಚೆಯವಳೇ. ಕೊಡ ಇಳಿಸಿದಳು. ಅವಳ ಹಿಂದಿನವಳೂ ಇಳಿಸಿದಳು. ಈಚೆ ಆಯಾ ಕುಲದವರೆಲ್ಲ ಒಂದೇ ಬೆಡಗು, ಒಂದೇ ವಂಶ, ಅಣ್ಣತಂಗಿಯರ ಲೆಕ್ಕ. ಹೆಣ್ಣು ತರುವುದು ಗುಡ್ಡದಾಚೆಯಿಂದ, ಕೊಡುವುದೂ ಗುಡ್ಡದಾಚೆಗೆ. ಅಷ್ಟು ಜಾಣ ಗೌಡನಿಗೆ ಅದೊಂದು ಹೊಳೆದಿರಲಿಲ್ಲ. ಊರಲ್ಲೇ ಹುಟ್ಟಿದ ಹುಡುಗಿಯರು ಇಳಿಯಬಹುದಿತ್ತು. ಅವರೂ ಇಳಿಯಲಿಲ್ಲ. ನಾಳೆ ಗುಡ್ಡ ಹತ್ತಿ ಇನ್ನೊಂದು ಕೆರೆಯ ಮೆಟ್ಟಿಲಲ್ಲಿ ನಿಲ್ಲಬೇಕಾದವರು ಅವರೇ. ಬಿಸಿಲೇರುವ ಹೊತ್ತಿಗೆ ಕಲ್ಲಿನ ಸುತ್ತ ಖಾಲಿ ಕೊಡಗಳು ತುಂಬಿದವು. ಊರ ಕುಂಬಾರನ ಹೆಂಡತಿಯೂ ಬಂದು ಕೂತಳು.

ಗೌಡ ಓಡಿಬಂದ. “ಏನಿದು ಮಂಗಾಟ? ನೀನು ನನ್ನ ಹೆಂಡತಿ, ಈ ಊರಿನವಳು. ಏಳು.”

“ಹುಟ್ಟಿದ ಸೀಮೆ ಎಂದು ಸಾರಿಸಿದವರು ನೀವು. ನನ್ನನ್ನು ಇಲ್ಲಿ ಬಂದು ಇನ್ನೊಮ್ಮೆ ಹೆರಲಿ ಎಂದು ನಮ್ಮವ್ವನಿಗೆ ಹೇಳಿ ಕಳಿಸಲೇ?”

ಏರಿಯ ಮೇಲೆ ನಗೆ ಎದ್ದಿತು. ಗೌಡ ಕೆಂಪಾದ. “ಕಲ್ಲಿನಲ್ಲಿ ನೀರಿನ ಮಾತಿಲ್ಲ!”

“ಇರಬಹುದು ಎಂದಿದೆ. ನೀರಿಲ್ಲದೆ ನೀವು ಇದ್ದು ತೋರಿಸಿ. ನಾನು ಏಳುತ್ತೇನೆ.”

ಗೌಡ ಹಠಕ್ಕೆ ಬಿದ್ದ. ಗಂಡಸರೇ ನೀರು ತರಲಿ ಎಂದ. ಗಂಡಸರು ಕೊಡ ಹೊತ್ತರು. ದಾರಿಯೆಲ್ಲ ಕೆಸರಾಯಿತು, ಮನೆಗೆ ಕೊಡದ ತಳದಷ್ಟು ನೀರು ಸೇರಿತು. ಒಬ್ಬನ ಕೊಡ ಇನ್ನೊಬ್ಬನ ಕೊಡಕ್ಕೆ ತಾಗಿ ಎರಡೂ ಒಡೆದವು. ಗೌಡ ತಾನೂ ಒಂದು ಕೊಡ ಹೊತ್ತು, ನೆನೆದ ಪಂಚೆಯಲ್ಲಿ ಮನೆ ಸೇರಿದ. ಅವನ ಮುದಿ ತಾಯಿ ಹೊಸಿಲ ಬಳಿ ಕೂತಿದ್ದಳು. ಬೆಳಗಿನಿಂದ ಬಾಯಿಗೆ ನೀರು ಬಿಟ್ಟಿರಲಿಲ್ಲ.

“ಕುಡಿಯವ್ವಾ. ನಾನೇ ತಂದೆ.”

ಮುದುಕಿ ಚೊಂಬನ್ನು ಪಕ್ಕಕ್ಕೆ ಸರಿಸಿದಳು. ಹಲ್ಲಿಲ್ಲದ ಬಾಯಲ್ಲಿ ನಕ್ಕಳು. “ನಾನೂ ಗುಡ್ಡದಾಚೆಯವಳಲ್ಲವೇ ಮಗನೇ? ಈ ಕೆರೆಯ ನೀರು ನನಗೆ ಸಲ್ಲುತ್ತದೆಯೇ? ನೀನು ಕುಡಿದು ಬೆಳೆದ ಹಾಲೂ ಹೊರಗಿನದೇ. ಅದನ್ನೂ ಸೇರಿಸಿ ಸಾರಲು ಹೇಳು.”

ಗೌಡ ಚೊಂಬು ಹಿಡಿದು ನಿಂತ. ಮೀಸೆ ಒದ್ದೆಯಾಗಿ ಕೆಳಗಿಳಿದಿತ್ತು.

ಸಂಜೆಗೆ ಡಂಗುರ ಮತ್ತೆ ಬಂತು: ‘ಯಾರು ಎಲ್ಲಿ ಹುಟ್ಟಿದ್ದರೂ ಕೆರೆಗೆ ಇಳಿಯಬಹುದು.’

ಗೌಡತಿ ಎದ್ದಳು. ಆದರೆ ಮೊದಲು ಇಳಿಯಲಿಲ್ಲ. ಕುಂಬಾರನ ಹೆಂಡತಿ ಮಗುವನ್ನು ಅವಳ ಕೈಗೆ ಕೊಟ್ಟು ಮೆಟ್ಟಿಲಿಳಿದಳು. ತಮ್ಮ ಆವಿಗೆಯಲ್ಲಿ ಬೆಂದ ಕೊಡದ ತುಂಬ, ಯಾರ ಮುಖವನ್ನೂ ನೋಡದೆ, ನೀರು ತುಂಬಿಕೊಂಡು ಬಂದಳು. ಅಂದು ಒಡೆದ ಕೊಡಗಳ ದೆಸೆಯಿಂದ ಇಬ್ಬರು ಕುಂಬಾರರಿಗೂ ಕೈತುಂಬ ಕೆಲಸವಾಯಿತು.

ಗುರುಗಳು ಕತೆ ನಿಲ್ಲಿಸಿದರು. ಬಸವಂತನ ಮುಖ ಅರಳಿತು.

“ಹಾಗಾದರೆ ಬರೆದ ಮಾತೇ ಕಾಪಾಡಿತು, ಗುರುಗಳೇ. ಕಲ್ಲು ಗೆದ್ದಿತು.”

“ಮೊದಲ ದಿನವೂ ಕಲ್ಲು ಅಲ್ಲೇ ಇತ್ತು, ಬಸವಂತಾ.”

ಬಸವಂತ ಸೊಂಟದಿಂದ ಬೀಗದ ಕೈ ಬಿಚ್ಚಿಕೊಂಡು ಎದ್ದ.