ಎಲೆ ಉದುರಿಸಿದ ಕಾಡು

ತುಂಗಭದ್ರೆಯ ದಂಡೆಯಲ್ಲಿ ನಾಗಲಿಂಗಾಚಾರ್ಯರು ಪುಟ್ಟ ರಣರಂಗ ಮಾಡುವ ವಿದ್ಯೆ ಕಲಿಸುತ್ತಿದ್ದರು.

ಹಳೆಯ ಕಾಳಗಗಳನ್ನು ಮೇಜಿನ ಮೇಲೆ ಮತ್ತೆ ಆಡುವವರಿಗೆ ಅಂಥ ರಣರಂಗ ಬೇಕಾಗುತ್ತಿತ್ತು. ಅರ್ಧ ಬೆರಳುದ್ದದ ಸೀಸದ ಸೈನಿಕರು, ಎರಡು ಪಕ್ಷ, ದಾಳ, ದೂರ ಅಳೆಯಲು ಒಂದು ದಾರ. ಅಷ್ಟೇ ಆಟ.

ಶಿಷ್ಯೆ ಸರ್ವಮಂಗಳೆ ಎರಡು ವರ್ಷ ಬರೀ ಗುಡ್ಡ, ಬಂಡೆ ಮಾಡಿದ್ದಳು.

ಒಂದು ದಿನ ಗುರುಗಳು ಹೇಳಿದರು: "ಈ ಸಲ ಕಾಡು ಮಾಡು. ಎಲೆ ಉದುರುವ ಕಾಲದ ಕಾಡು. ಪಾಳೆಯಗಾರನ ಬಂದೂಕಿನವರು ಅಲ್ಲಿ ಹೊಂಚು ಹಾಕಬೇಕು."

ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

ತಂತಿ ಹೊಸೆದು ನಲವತ್ತು ಮರ ಮಾಡಿದಳು. ಕಾಂಡಕ್ಕೆ ಅಂಟು ಬಳಿದು ಮರದ ಹೊಟ್ಟು ಉದುರಿಸಿದಳು. ಒಣಗಿದ ಎಲೆಗಳನ್ನು ಮಿಕ್ಸಿಯಲ್ಲಿ ತಿರುವಿ, ಜರಡಿ ಹಿಡಿದು, ಅರಿಸಿನದ ಬಣ್ಣ, ಕಾವಿಯ ಬಣ್ಣ ಕೊಟ್ಟು, ಚಿಮಟದಿಂದ ಕೊಂಬೆಗಳಿಗೆ ಅಂಟಿಸಿದಳು.

ಮೂರು ತಿಂಗಳಾಯಿತು. ಕಾಡು ಹೊತ್ತಿ ಉರಿಯುವಂತೆ ಕಾಣುತ್ತಿತ್ತು.

"ಗುರುಗಳೇ, ಬನ್ನಿ! ಬೇಗ ಬನ್ನಿ!"

ಆಚಾರ್ಯರು ಬಂದು ನೋಡಿದರು. ಪೆಟ್ಟಿಗೆಯಿಂದ ಒಬ್ಬ ಸೈನಿಕನನ್ನು ತೆಗೆದು ಮರದ ಬುಡದಲ್ಲಿ ನಿಲ್ಲಿಸಿದರು.

"ಇವನು ಎಲ್ಲಿಂದ ಬಂದ?"

"ಪೆಟ್ಟಿಗೆಯಿಂದ."

"ಹೌದು. ಹಾಗೇ ಕಾಣುತ್ತಿದ್ದಾನೆ."

ಅವರು ಹೊರಟುಹೋದರು.

ಸರ್ವಮಂಗಳೆ ಬಗ್ಗಿ ನೋಡಿದಳು. ಸೈನಿಕನನ್ನು ನಿಲ್ಲಿಸಲು ಕಾಲಡಿಗೆ ಅಂಟಿಸಿದ್ದ ಬಿಲ್ಲೆಗೆ ಹಚ್ಚಹಸಿರು ಹುಲ್ಲಿನ ಬಣ್ಣ. ಸುತ್ತ ಕೆಂಪು ಕಾಡು. ಕಾಡಿನ ನೆಲದಲ್ಲೋ ಒಂದೇ ಒಂದು ಎಲೆ ಇಲ್ಲ.

ಅವಳ ಮುಖ ಸಪ್ಪಗಾಯಿತು. ಆಡುವವರು ನಾಡಿದ್ದು ಬರುವವರಿದ್ದರು.

ಅವಳು ಹೊಳೆದಂಡೆಯ ಕಾಡಿಗೆ ಓಡಿದಳು. ನೆಲದ ಮೇಲೆ ಅಂಗಾತ ಅಲ್ಲ, ಬೋರಲು ಮಲಗಿದಳು. ಕೆನ್ನೆ ಮಣ್ಣಿಗೆ ತಾಗಿತು.

ಎಲೆಗಳು ಎಲ್ಲ ಕಡೆ ಸಮನಾಗಿ ಬಿದ್ದಿರಲಿಲ್ಲ. ಗಾಳಿ ಅವನ್ನು ಬೇರುಗಳ ಸಂದಿಗೆ ತಳ್ಳಿತ್ತು. ತಗ್ಗಿನಲ್ಲಿ ರಾಶಿ, ದಾರಿಯಲ್ಲಿ ಬರೀ ಮಣ್ಣು. ಅಡಿಯಲ್ಲಿ ಕೊಳೆತ ಕಪ್ಪು, ಮೇಲೆ ನಿನ್ನೆಯ ಕೆಂಪು.

"ಸಿಕ್ಕಿತು!" ಎಂದು ಒಬ್ಬಳೇ ಕೂಗಿಕೊಂಡು ತಿರುಗಿ ಓಡಿದಳು.

ಆದರೆ ಎಲೆಪುಡಿಯ ಡಬ್ಬಿ ಖಾಲಿ. ಬಣ್ಣದ ಎಲೆಯೆಲ್ಲ ಮರಗಳ ಮೇಲಿತ್ತು. ಹೊಸದಾಗಿ ಮಾಡಿ ಒಣಗಿಸಲು ವಾರ ಬೇಕು.

"ಗುರುಗಳೇ, ಎಲೆ ಮುಗಿದಿದೆ. ಏನು ಮಾಡಲಿ?"

"ಕಾಡು ಏನು ಮಾಡುತ್ತದೆ?"

ಅವಳು ತನ್ನ ಅತಿ ಚೆಂದದ ಮರದ ಮುಂದೆ ಬಹಳ ಹೊತ್ತು ಕೂತಳು. ಆ ಒಂದೇ ಮರಕ್ಕೆ ಐದು ದಿನ ಹಿಡಿದಿತ್ತು.

ಕೊನೆಗೆ ಕಣ್ಣು ಮುಚ್ಚಿ, ಬೆರಳಿನಿಂದ ಕೊಂಬೆ ಉಜ್ಜಿದಳು.

ಎಲೆ ಸುರಿಯಿತು. ಕಣ್ಣು ತೆರೆದು ನೋಡಿ, ತಡೆಯಲಾರದೆ ನಕ್ಕಳು. ಬುಡದಲ್ಲಿ ಬಿದ್ದ ಎಲೆ ಕೊಂಬೆಯ ಮೇಲಿದ್ದುದಕ್ಕಿಂತ ನಿಜವಾಗಿತ್ತು!

ಎರಡನೆಯ ಮರ. ಹತ್ತನೆಯದು. ಇಪ್ಪತ್ತನೆಯದು. ಬೇರಿನ ಸಂದಿ ತುಂಬಿದಳು, ದಾರಿಯನ್ನು ಬರಿದಾಗಿ ಬಿಟ್ಟಳು. ಹನ್ನೆರಡು ಬಂದೂಕಿನವರ ಬಿಲ್ಲೆಗಳಿಗೆ ಮಣ್ಣು ಬಳಿದು, ಒಬ್ಬೊಬ್ಬನ ಕಾಲ ಬಳಿಯೂ ನಾಲ್ಕಾರು ಎಲೆ ಅಂಟಿಸಿದಳು. ಊಟಕ್ಕೆ ಕರೆದರೆ "ಬಂದೆ, ಬಂದೆ" ಎನ್ನುತ್ತಲೇ ಇದ್ದಳು.

ಆಟದ ದಿನ ಇಬ್ಬರು ಬಂದರು. ಪೋಸ್ಟ್ ಮಾಸ್ತರ್ ವಾಮನರಾಯರದು ದೊಡ್ಡ ಸೈನ್ಯ. ಇತಿಹಾಸದ ಮೇಡಂ ದಾಕ್ಷಾಯಣಮ್ಮನವರದು ಪಾಳೆಯಗಾರನ ಕಡೆ.

ರಾಯರು ಕುದುರೆಗಳನ್ನು ಕಾಡುದಾರಿಯಲ್ಲಿ ಮುನ್ನಡೆಸಿದರು. ಒಂದು ಗೇಣು. ಇನ್ನೊಂದು ಗೇಣು.

"ನಿಲ್ಲಿ ರಾಯರೇ!" ದಾಕ್ಷಾಯಣಮ್ಮ ಎದ್ದು ನಿಂತರು. "ನನ್ನ ಬಂದೂಕಿನವರು ಹೊಡೆಯುತ್ತಾರೆ."

"ಯಾವ ಬಂದೂಕಿನವರು? ಎಲ್ಲಿದ್ದಾರೆ?"

ರಾಯರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಎಲೆರಾಶಿಯ ನಡುವೆ ಒಂದು ರುಮಾಲು ಕಂಡಿತು. ಆಮೇಲೆ ಇನ್ನೊಂದು. ಆಮೇಲೆ ಹನ್ನೆರಡೂ.

"ಅಯ್ಯಯ್ಯೋ! ಇವರು ಯಾವಾಗ ಬಂದರು?"

"ಬೆಳಗಿನಿಂದ ನಿಮ್ಮ ಕಣ್ಣೆದುರಿಗೇ ಇದ್ದಾರಲ್ಲ!"

ದಾಳ ಉರುಳಿತು. ಆರು! ಮತ್ತೆ ಆರು! ದಾಕ್ಷಾಯಣಮ್ಮ ಮೇಜು ಗುದ್ದಿ ಕೂಗಿದರು. ರಾಯರು ಸೋಲುತ್ತಲೇ ಮಗುವಿನಂತೆ ನಕ್ಕರು. ಯಾವ ಪಕ್ಷದವಳೂ ಅಲ್ಲದ ಸರ್ವಮಂಗಳೆ ಚಪ್ಪಾಳೆ ತಟ್ಟಿದಳು.

ಅವರಿಬ್ಬರೂ ಕುದುರೆಗಳ ವಿಷಯಕ್ಕೆ ಜಗಳವಾಡುತ್ತಲೇ ಮೆಟ್ಟಿಲಿಳಿದು ಹೋದರು.

ಸರ್ವಮಂಗಳೆ ಬಾಗಿಲಲ್ಲೇ ನಿಂತಳು.

"ಎಂಥ ಆಟ ಗುರುಗಳೇ! ಆದರೆ ನೋಡಿ, ಒಬ್ಬರಾದರೂ ಇದನ್ನು ಮಾಡಿದ್ದು ಯಾರು ಅಂತ ಕೇಳಲಿಲ್ಲ."

ಆಚಾರ್ಯರು ಉರುಳಿಬಿದ್ದ ಕುದುರೆಯೊಂದನ್ನು ಎತ್ತಿ ನಿಲ್ಲಿಸಿದರು.

"ಕಾಡಿಗೆ ಹೋದವರು ಹಾಗೆ ಕೇಳುತ್ತಾರೇನಮ್ಮ?"