ಒಂದೇ ಸಂಖ್ಯೆಗೆ ಸಿಗದ ರಬ್ಬರ್

ಆಸ್ಪತ್ರೆಯೊಂದರ ಜನರೇಟರ್ ಶುರುವಾದರೆ ಸಾಕು, ಪಕ್ಕದ ಆಪರೇಷನ್ ಕೋಣೆಯ ಮೇಜು ನಡುಗುತ್ತಿತ್ತು. ಆ ನಡುಕವನ್ನು ತಡೆಯಲು ಜನರೇಟರಿನ ಅಡಿಗೆ ಕೂರಿಸುವ ರಬ್ಬರ್ ಮೆತ್ತೆ, ಅಂದರೆ ಹೊಸ ಮೌಂಟ್, ಹೇಗಿರಬೇಕೆಂದು ಲೆಕ್ಕ ಹಾಕುವ ಕೆಲಸ ಎಂಜಿನಿಯರ್ ಶಾಂಭವಿಗೆ ಬಂತು. ಅವಳು ಹಳೆಯ ಮೌಂಟನ್ನು ತಂದು ಕಂಪ್ಯೂಟರಿನ ಪಕ್ಕದಲ್ಲಿಟ್ಟಳು.

ವಸ್ತುವನ್ನು ಪರದೆಯ ಮೇಲೆ ಸಾವಿರಾರು ಚೂರುಗಳಾಗಿ ಭಾಗಿಸಿ, ಭಾರ ಬಿದ್ದಾಗ ಅದು ಹೇಗೆ ಬಗ್ಗುತ್ತದೆಂದು ಲೆಕ್ಕ ಹಾಕುವುದು ಆ ಕಂಪ್ಯೂಟರಿನ ವಿದ್ಯೆ. ಅದುವರೆಗೆ ಅದು ಉಕ್ಕನ್ನಷ್ಟೇ ಕಂಡಿತ್ತು.

"ನೀನು ಎಷ್ಟು ಗಟ್ಟಿ? ಒಂದೇ ಸಂಖ್ಯೆಯಲ್ಲಿ ಹೇಳು," ಎಂದಿತು ಕಂಪ್ಯೂಟರ್.

"ಹಾಗೆ ಹೇಳಲಾರೆ. ಮೆಲ್ಲಗೆ ಒತ್ತಿದರೆ ಬಗ್ಗುತ್ತೇನೆ, ಜೋರಾಗಿ ಒತ್ತಿದರೆ ಬಿಗಿಯುತ್ತೇನೆ," ಎಂದಿತು ಮೌಂಟ್.

"ಉಕ್ಕು ಹೀಗೆಲ್ಲ ಮಾತಾಡುವುದಿಲ್ಲ," ಎಂದು ಗೊಣಗಿದ ಕಂಪ್ಯೂಟರ್ ತನಗೆ ತೋಚಿದ ಸಂಖ್ಯೆ ಹಾಕಿಕೊಂಡು ಹೊರಟಿತು. ಪರದೆಯ ಮೇಲಿನ ಚೂರುಗಳು ಸೊಟ್ಟಗಾಗಿ ಒಂದರೊಳಗೊಂದು ಸಿಕ್ಕಿಕೊಂಡವು. ಲೆಕ್ಕ ಅರ್ಧಕ್ಕೇ ನಿಂತಿತು. ಶಾಂಭವಿ ತಲೆಯ ಮೇಲೆ ಕೈಹೊತ್ತು ಕೂತಳು.

"ನಿನ್ನನ್ನು ಅರಿಯುವುದು ಹೇಗೆ?" ಕಂಪ್ಯೂಟರಿನ ದನಿ ತಗ್ಗಿತ್ತು.

"ನನ್ನದೊಂದು ತುಂಡನ್ನು ಎಳೆಸಿ ನೋಡು, ಒತ್ತಿಸಿ ನೋಡು. ಪ್ರತಿ ಹಂತದಲ್ಲೂ ನಾನೇ ತೋರಿಸುತ್ತೇನೆ. ಲೆಕ್ಕದಲ್ಲಿ ಭಾರವನ್ನು ಒಮ್ಮೆಲೇ ಹೇರಬೇಡ, ಸ್ವಲ್ಪ ಸ್ವಲ್ಪವೇ ಹೇರು."

ಶಾಂಭವಿ ತುಂಡನ್ನು ಕತ್ತರಿಸಿ, ಎಳೆದು, ಒತ್ತಿ, ಅದು ತೋರಿದ್ದನ್ನೆಲ್ಲ ಕಂಪ್ಯೂಟರಿಗೆ ಕೊಟ್ಟಳು. ಈ ಸಲ ಲೆಕ್ಕ ಕೊನೆಮುಟ್ಟಿತು. ಅದೇ ಬಗೆಯ ರಬ್ಬರಿನಿಂದ, ಲೆಕ್ಕ ಹೇಳಿದ ಆಕಾರದಲ್ಲಿ ಹೊಸ ಮೌಂಟ್ ತಯಾರಾಗಿ ಜನರೇಟರಿನ ಕೆಳಗೆ ಕೂತಿತು.

ಕೆಲದಿನಗಳಲ್ಲಿ ಆಸ್ಪತ್ರೆಯ ಡಾಕ್ಟರ್ ಫೋನ್ ಮಾಡಿದರು. "ಪುಟ್ಟ ಮಗುವೊಂದರ ಆಪರೇಷನ್ ನಡುವೆ ಕರೆಂಟ್ ಹೋಯಿತಮ್ಮ, ಜನರೇಟರ್ ಹಾಕಿದರು. ಮೇಜು ಅಲುಗಲಿಲ್ಲ, ಹೊಲಿಗೆ ಮುಗಿಯುವ ತನಕ ನಾನು ಕೈ ನಿಲ್ಲಿಸಲೇ ಇಲ್ಲ. ಮಗು ಈಗ ಹಾಲು ಕುಡಿಯುತ್ತಿದೆ."

ಶಾಂಭವಿ ಕುರ್ಚಿಗೊರಗಿ ಮನಸಾರೆ ನಕ್ಕಳು.